ಕಟ್ಟಿದವರೇ ಬಿಚ್ಚುವ ಗಂಟು

ಹಿಡಿಕೆಯನ್ನು ಬಲಕ್ಕೆ ತಿರುಗಿಸಿದ ಮರುಗಳಿಗೆಯೇ ಬ್ರೇಕರ್ ಢಬ್ಬೆಂದು ಮತ್ತೆ ಬಿದ್ದುಕೊಂಡಿತು. ಹೂಟರ್ ಕಿರುಚತೊಡಗಿತು. ಪ್ಯಾನೆಲ್ ಮೇಲೆ ಅರ್ತ್ ಫಾಲ್ಟಿನ, ಅಂದರೆ ಕರೆಂಟು ನೆಲಕ್ಕೆ ಹರಿದದ್ದರ, ಕೆಂಪು ಗುರುತು ಬಿದ್ದಿತ್ತು. ನಾನು ವಿದ್ಯುತ್ ಸ್ಟೇಷನ್ನಿನ ಆಪರೇಟರ್. ಈ ಸದ್ದನ್ನು ಗಾಳಿ ಮಳೆ ಬಂದಾಗಲೆಲ್ಲ ಕೇಳಿದ್ದೇನೆ. ಆದರೆ ಅವತ್ತು ಹೊರಗೆ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಆ ಲೈನಿನ ಮೇಲೆ ಇನ್ನೊಬ್ಬ ಮನುಷ್ಯ ಇದ್ದಾನೆಂಬುದು ನನಗೆ ಆಗ ನೆನಪಾಯಿತು.

ನಮ್ಮ ಸ್ಟೇಷನ್ ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗಿದೆ. ಅಲ್ಲಿಂದ ನಾಲ್ಕು ಕಡೆಗೆ ಹನ್ನೊಂದು ಸಾವಿರ ವೋಲ್ಟಿನ ಲೈನುಗಳು ಹೊರಡುತ್ತವೆ. ನಾವು ಅವನ್ನು ಫೀಡರ್ ಅನ್ನುತ್ತೇವೆ. ಕಂಬ ಹತ್ತಬೇಕಾದ ಲೈನ್‌ಮನ್ ಮೊದಲು ನಮಗೆ ಫೋನ್ ಮಾಡಿ ಆ ಫೀಡರನ್ನು ಬಂದ್ ಮಾಡಿಸಿಕೊಳ್ಳುತ್ತಾನೆ. ಇದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು, ಆಡುಮಾತಿನಲ್ಲಿ ಎಲ್‌ಸಿ. ನಾವು ಬ್ರೇಕರ್ ಆಫ್ ಮಾಡಿ, ಅದು ಕೂತಿರುವ ಟ್ರಾಲಿಯನ್ನು ಹೊರಗೆಳೆದು, ಹಿಡಿಕೆಗೆ ‘ಜನ ಕೆಲಸ ಮಾಡುತ್ತಿದ್ದಾರೆ’ ಎಂಬ ತಗಡಿನ ಬೋರ್ಡು ತೂಗುಹಾಕಿ, ರಿಜಿಸ್ಟರಿನಲ್ಲಿ ಹೆಸರು, ಹೊತ್ತು, ನಂಬರು ಬರೆದು, ಆ ನಂಬರನ್ನು ಅವನಿಗೆ ಹೇಳಬೇಕು. ಕೆಲಸ ಮುಗಿದ ಮೇಲೆ ಅದೇ ಮನುಷ್ಯ ಅದೇ ನಂಬರು ಹೇಳಿ ಎಲ್‌ಸಿ ವಾಪಸ್ ಕೊಡಬೇಕು. ಆಮೇಲಷ್ಟೇ ಲೈನಿಗೆ ಕರೆಂಟು. ಲೈನ್ ಚಾರ್ಜ್ ಮಾಡುವುದು ಅಂದರೆ ಇದೇ.

ಅವತ್ತು ಸಾಸ್ವೆಹಳ್ಳಿ ಕಡೆಯ ಒಂದೇ ಫೀಡರಿಗೆ ಇಬ್ಬರು ಎಲ್‌ಸಿ ಕೇಳಿದರು. ಮೊದಲನೆಯದಕ್ಕೆ ಎಲ್ಲವನ್ನೂ ಕ್ರಮವಾಗಿ ಮಾಡಿದೆ. ರಿಜಿಸ್ಟರಿನ ಆ ಪುಟದ ಕೊನೆಯ ಸಾಲಿಗೆ ಅದು ಬಂತು. ಅರ್ಧ ಗಂಟೆ ಬಿಟ್ಟು ಎರಡನೆಯವನು ಕೇಳಿದಾಗ ಬ್ರೇಕರ್ ಆಗಲೇ ಆಫ್ ಆಗಿತ್ತು, ಟ್ರಾಲಿ ಹೊರಗಿತ್ತು, ಬೋರ್ಡು ನೇತಾಡುತ್ತಿತ್ತು. ಕೈಗೆ ಕೆಲಸವೇ ಇರಲಿಲ್ಲ. ಪುಟ ತಿರುವಿ ಒಂದು ಸಾಲು ಬರೆದೆ, ಅಷ್ಟೇ. ನಂತರ ಗಂಟೆಗೊಮ್ಮೆ ಬರೆಯುವ ಮೀಟರ್ ರೀಡಿಂಗ್, ನೀರಿನ ಟ್ಯಾಂಕಿನವನ ಫೋನು, ಮತ್ತೆ ಅವನದೇ ಫೋನು. ಮೊದಲನೆಯವನು ಎಲ್‌ಸಿ ವಾಪಸ್ ಕೊಟ್ಟಾಗ ಹಿಂದಿನ ಪುಟಕ್ಕೆ ಹೋಗಿ ಹೊತ್ತು ಬರೆದೆ. ಆ ಪುಟದಲ್ಲಿ ಎಲ್ಲ ಸಾಲೂ ಮುಗಿದಿದ್ದವು. ಬೋರ್ಡು ತೆಗೆದೆ, ಟ್ರಾಲಿ ಒಳಗೆ ತಳ್ಳಿದೆ, ಹಿಡಿಕೆ ತಿರುಗಿಸಿದೆ.

ಎರಡನೆಯ ಲೈನ್‌ಮನ್ ಉಳಿದದ್ದು ನನ್ನಿಂದಲ್ಲ. ಅವನು ಕಂಬ ಹತ್ತುವ ಮೊದಲು ಮೂರೂ ತಂತಿಗೆ ಅರ್ತಿಂಗ್ ರಾಡ್ ಹಾಕಿದ್ದ. ನಾನು ಬಿಟ್ಟ ಕರೆಂಟು ಆ ರಾಡಿನಿಂದ ನೆಲಕ್ಕಿಳಿಯಿತು, ಬ್ರೇಕರ್ ಬಿತ್ತು. ಅವನಿಗೆ ಫೋನ್ ಮಾಡಿದೆ.

"ರಾಡ್ ಹಾಕಿದ್ದೆ ಮೇಡಂ, ಅದಕ್ಕೇ ಉಳ್ಕಂಡೆ," ಅಂದ. ಏದುಸಿರು ಬಿಡುತ್ತಿದ್ದ. "ಕೈಯಾಗಿನ ಪ್ಲೈಯರ್ ಕೆಳಗೆ ಬಿತ್ತು ನೋಡ್ರಿ. ನನ್ನ ಎಲ್‌ಸಿ ವಾಪಸ್ ಕೊಟ್ಟೋರು ಯಾರು?"

"ಯಾರೂ ಕೊಟ್ಟಿಲ್ಲಪ್ಪ. ನಾನೇ ಮರೆತೆ."

"ನನಗೆ ಎರಡು ವರ್ಷದ ಮಗಳು ಐತೆ ಮೇಡಂ," ಎಂದು ಹೇಳಿ ಫೋನ್ ಇಟ್ಟ.

ಎರಡು ಗಂಟೆಯ ಪಾಳಿಗೆ ನಮ್ಮ ಹಿರಿಯ ಆಪರೇಟರ್ ಬಂದರು. ನಿವೃತ್ತಿಗೆ ಹತ್ತಿರವಾದವರು, ಒಂದು ರೀಡಿಂಗೂ ತಪ್ಪದವರು, ಅಕ್ಷರ ಮುತ್ತು ಪೋಣಿಸಿದ ಹಾಗೆ. ನನಗೆ ಕೆಲಸ ಕಲಿಸಿದವರೂ ಅವರೇ. ವಿಷಯ ಕೇಳಿ ಬಾಗಿಲು ಹಾಕಿಕೊಂಡು ಬಂದು ಕೂತರು.

"ಫೋನಿನಾಗೆ ಅವ್ನೇ ಎಲ್‌ಸಿ ವಾಪಸ್ ಅಂದ, ನಂಬರ್ ಸರಿಯಾಗಿ ಹೇಳ್ಲಿಲ್ಲ ಅಂತ ಹೇಳಿಕೆಯಾಗೆ ಬರೀರಿ. ಒಂದೇ ಸಾಲು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅವನ ಕೆಲಸ ಹೋದರೆ?"

"ಅವ್ನಿಗೆ ಮೆಮೋ ಕೊಡ್ತಾರೆ ಅಷ್ಟೇಯ. ನಿಮಗಾದ್ರೆ ಪ್ಯಾನೆಲ್ ಕೆಲಸಾನೇ ಹೋಗ್ತೈತೆ. ಎಲ್ರೂ ಬರಿಯೋದು ಹಿಂಗೇ ಕಣ್ರಿ."

ನಾನು ಸಾಚಾ ಎಂದು ಹೇಳಿಕೊಳ್ಳಲಾರೆ. ಆ ಸಾಲನ್ನು ಬರೆದೆ. ಓದಿ ನೋಡಿದೆ. ನನ್ನನ್ನು ಉಳಿಸಿದ್ದು ಅವನು ಹಾಕಿದ ರಾಡು. ನಾನು ಬರೆದಿದ್ದು ಅವನ ಕುತ್ತಿಗೆಗೇ ಬರುವಂಥ ಸಾಲು. ಕಾಗದ ಹರಿದು ಬೇರೆ ಬರೆದೆ. ‘ಎರಡನೇ ಎಲ್‌ಸಿ ಬಾಕಿ ಇರುವುದನ್ನು ಮರೆತು ನಾನೇ ಲೈನ್ ಚಾರ್ಜ್ ಮಾಡಿದೆ. ಲೈನ್‌ಮನ್‌ನ ತಪ್ಪಿಲ್ಲ.’ ಹಿರಿಯರು ಹಣೆ ಚಚ್ಚಿಕೊಂಡರು.

ಮರುದಿನ ಇಂಜಿನಿಯರ್ ಕರೆಸಿದರು. ವಿಚಾರಣೆ ಮುಗಿಯುವವರೆಗೆ ಪ್ಯಾನೆಲ್ ಹತ್ತಿರ ಸುಳಿಯಬಾರದು, ಆಮೇಲೆ ಬಹುಶಃ ಮೀಟರುಗಳ ಗೋದಾಮು ಎಂದರು. ಬೈಯಲಿಲ್ಲ. "ನಿಮ್ಮನ್ನ ಮತ್ತೆ ಅಲ್ಲಿ ಕೂರ್ಸಾಕೆ ನನಗೆ ಧೈರ್ಯ ಇಲ್ಲಮ್ಮ," ಅಂದರು. ಬೈದಿದ್ದರೆ ವಾಸಿಯಿತ್ತು.

ಆ ಪ್ಯಾನೆಲ್ ನನಗೆ ಏನೆಂಬುದನ್ನು ಹೇಳಲೇಬೇಕು. ಬೇಸಿಗೆಯ ಮೊದಲ ಗಾಳಿಗೆ ನಾಲ್ಕೂ ಫೀಡರ್ ಒಟ್ಟಿಗೆ ಬಿದ್ದು, ಮೂರು ಫೋನು ಒಟ್ಟಿಗೆ ಬಡಿದುಕೊಳ್ಳುವಾಗ ನನ್ನ ತಲೆ ತಿಳಿನೀರಿನಂತಿರುತ್ತದೆ. ಯಾವ ರಿಲೇ, ಯಾವ ಫೇಸು, ಯಾರಿಗೆ ಮೊದಲು ಫೋನು, ಎಲ್ಲವೂ ತಾನಾಗಿ ಬರುತ್ತದೆ. ಅಂಥ ದಿನ ಹಿರಿಯರೇ "ಇವತ್ತು ನೀವೇ ನೋಡ್ರಿ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಅಪಾಯಕಾರಿ ಆಗುವುದು ಏನೂ ನಡೆಯದ ಬೆಳಗಿನಲ್ಲಿ. ಒಂದೇ ಅಂಕಿಯನ್ನು ಗಂಟೆಗೊಮ್ಮೆ ಬರೆಯುವ ಹೊತ್ತಿನಲ್ಲಿ ಮನಸ್ಸು ಕಿಟಕಿ ಹಾರಿ ಹೋಗುತ್ತದೆ. ಹೋದದ್ದೂ ಗೊತ್ತಾಗುವುದಿಲ್ಲ.

ಇದು ಹೊಸದಲ್ಲ. ಜಗಳೂರಿನ ಶಾಲೆಯಲ್ಲಿ ಮೇಷ್ಟ್ರು "ಹುಡುಗಿ ಬೆಂಚಿನ ಮೇಲೈತೆ, ಮನಸ್ಸು ಚಿತ್ರದುರ್ಗದಾಗೈತೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನೀರಿಗೆ ಕಳಿಸಿದರೆ ಕೊಡವನ್ನೇ ಬಿಟ್ಟು ಬರುತ್ತಿದ್ದೆ. ಲೆಕ್ಕದ ಉತ್ತರ ಸರಿ ಮಾಡಿ ಪ್ರಶ್ನೆಯ ನಂಬರು ತಪ್ಪು ಹಾಕುತ್ತಿದ್ದೆ. ಗಲಾಟೆ ಮಾಡುವವಳಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ನಾನು ಸುಮ್ಮನೆ ಕೂತು ಕಳೆದುಹೋಗುವವಳು. ಅದಕ್ಕೆ ಊರಲ್ಲಿ ಒಂದೇ ಔಷಧಿ ಇತ್ತು. "ದೊಡ್ಡೋಳಾದ ಮೇಲೆ ಸರಿ ಹೋಗ್ತಾಳೆ ಬಿಡ್ರಿ."

ನಾನು ದೊಡ್ಡವಳಾದೆ. ಮೂವತ್ತನಾಲ್ಕು ವರ್ಷ. ಸರಿ ಹೋಗಿರಲಿಲ್ಲ.

ಗೋದಾಮಿಗೆ ಹೋಗಿ ಕೂರುವ ಮೊದಲು ಇದಕ್ಕೊಂದು ಹೆಸರಿದೆಯೇ ಎಂದು ತಿಳಿಯಲೇಬೇಕು ಎನ್ನಿಸಿತು. ಹೊನ್ನಾಳಿಯಲ್ಲಿ ಯಾರಿಗಾದರೂ ತೋರಿಸಿದರೆ ಸಂಜೆಯೊಳಗೆ ಸ್ಟೇಷನ್ನಿಗೆ ಸುದ್ದಿ ಮುಟ್ಟುತ್ತದೆ. ಚನ್ನಗಿರಿಯಲ್ಲಿ ವಾರಕ್ಕೊಮ್ಮೆ ಒಬ್ಬ ಮನೋವೈದ್ಯೆ ಬರುತ್ತಾರೆಂದು ಕೇಳಿ, ಬಸವಾಪಟ್ಟಣದಲ್ಲಿ ಬಸ್ ಬದಲಿಸಿ ಅಲ್ಲಿಗೆ ಹೋದೆ. ಎರಡು ಮಾತು ಕೇಳಿ ಚೀಟಿ ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದೂವರೆ ಗಂಟೆ ಪ್ರಶ್ನೆ ಕೇಳಿದರು. ಈಗ ಹೇಗೆ ಎಂದು ಒಂದು ಸಲ, ಏಳನೇ ಕ್ಲಾಸಿಗೆ ಮೊದಲು ಹೇಗಿತ್ತು ಎಂದು ಅದೇ ಪ್ರಶ್ನೆಗಳನ್ನು ಇನ್ನೊಂದು ಸಲ. ನಿದ್ದೆ, ಥೈರಾಯ್ಡು, ಚಿಂತೆ, ಬೇಸರ, ಎಲ್ಲವನ್ನೂ ಕೇಳಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಕೊನೆಗೆ, "ನಿಮ್ಮ ಮಾತೊಂದೇ ಸಾಲಲ್ಲ. ನಿಮ್ಮನ್ನ ಚಿಕ್ಕಂದಿನಿಂದ ನೋಡಿದವರು ಬೇಕು. ಹಳೇ ನೋಟ್‌ಬುಕ್ ಇದ್ದರೆ ಅದೂ ಬೇಕು," ಅಂದರು.

ಅವ್ವನನ್ನು ಜಗಳೂರಿನಿಂದ ಕರೆತಂದೆ. ನನ್ನವ್ವ ಓದಿದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿದವಳು, ಈಗಲೂ ನಡೆಸುವವಳು. ಜೋಳದ ಡಬ್ಬಿ ಇಟ್ಟು ಹೋದವರ ಹೆಸರು ಬರೆದುಕೊಳ್ಳಲು ಬಾರದ ಕಾರಣ ಅವಳದೊಂದು ಪದ್ಧತಿ ಇತ್ತು. ಪ್ರತಿ ಡಬ್ಬಿಯ ಹಿಡಿಗೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದಳು. ನುಣ್ಣಗೆ ಬೀಸಬೇಕಾದರೆ ಒಂದು ಗಂಟು, ತರಿ ಬೇಕಾದರೆ ಎರಡು. ಕಟ್ಟಿದವಳೇ ಬಿಚ್ಚಿ ಡಬ್ಬಿ ಕೊಡಬೇಕು. ಗಂಟು ಇದ್ದ ಡಬ್ಬಿಯನ್ನು ಡಬ್ಬಿಯ ಒಡೆಯನೇ ಬಂದರೂ ಮುಟ್ಟುವಂತಿಲ್ಲ. ಅದೇ ಪದ್ಧತಿ ನನ್ನ ಮೇಲೂ ನಡೆದಿತ್ತು. ಶಾಲೆಗೆ ಹೊರಡುವಾಗ ನನ್ನ ದಾವಣಿಯ ತುದಿಗೆ ಗಂಟು ಹಾಕಿ ಕಳಿಸುತ್ತಿದ್ದಳು. ಬುತ್ತಿ ಡಬ್ಬಿ ವಾಪಸ್ ತರುವುದಕ್ಕೆ ಒಂದು, ಪುಸ್ತಕಕ್ಕೆ ಒಂದು, ಬರುವಾಗ ತಮ್ಮನನ್ನು ಕರೆತರುವುದಕ್ಕೆ ಒಂದು. ಸಂಜೆ ಒಂದೊಂದೇ ಕೇಳಿ ಬಿಚ್ಚುತ್ತಿದ್ದಳು.

ಡಾಕ್ಟರು ಅವಳನ್ನು ಬೇರೆ ಕೂರಿಸಿ ಕೇಳಿದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಹೊರಗೆ ಕೂತ ನನಗೆ ಕೇಳಿಸಿತು.

"ಮಗಳು ಹೆಂಗಿದ್ಲು ಅಂದ್ರೆ ಏನ್ ಹೇಳ್ಲವ್ವ," ಅಂದಳು ಅವ್ವ. "ತಮ್ಮನ್ನ ಒಂದ್ಸಲ ಶಾಲೆತಾವೇ ಬಿಟ್ಟು ಬಂದಿದ್ಲು. ಬೈಯಾಕೆ ಬಾಯಿ ಬರಲಿಲ್ಲ ನಂಗೆ. ನಾನೂ ಹಂಗೇ ಅದೀನಲ್ಲ! ಗಿರಣಿ ಬೆಲ್ಟ್ ತಿರುಗ್ತಾ ಇದ್ರೆ ನಾನು ಎಲ್ಲೋ ಇರ್ತೀನಿ. ಅದಕ್ಕೇ ಅಲ್ವಾ ಗಂಟು ಹಾಕಾದು."

ನನಗೆ ಅಳು ಬಂತು. ಅದು ಅಕ್ಷರ ಬಾರದವಳ ಉಪಾಯ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಮೂರನೆಯ ಭೇಟಿಯಲ್ಲಿ ಡಾಕ್ಟರು ಹೆಸರು ಹೇಳಿದರು. ಗಮನದ ಕೊರತೆಯ ತೊಂದರೆ, ಹುಟ್ಟಿನಿಂದ ಬಂದದ್ದು, ಮನೆತನದಲ್ಲಿ ಹರಿದು ಬರುವುದು ಹೆಚ್ಚು. "ಮಕ್ಕಳ ಕಾಯಿಲೆ ದೊಡ್ಡವರಿಗೆ ಹೇಗೆ ಉಳಿಯುತ್ತೆ ಮೇಡಂ?" ಎಂದು ಕೇಳಿದೆ. ಊರಿನವರ ಔಷಧಿಯನ್ನು ನಾನೂ ನಂಬಿದ್ದೆ.

"ಅದು ಮಕ್ಕಳ ಕಾಯಿಲೆ ಅಲ್ಲ, ಮಕ್ಕಳಲ್ಲಿ ಮೊದಲು ಕಾಣುತ್ತೆ ಅಷ್ಟೇ," ಅಂದರು. "ಕೆಲವರಿಗೆ ಬೆಳೀತಾ ಕಡಿಮೆ ಆಗುತ್ತೆ. ಬಹಳ ಜನರಲ್ಲಿ ವೇಷ ಬದಲಾಗುತ್ತೆ. ಓಡಾಡೋ ಕಾಲು ಸುಮ್ಮನಾಗುತ್ತೆ, ಒಳಗಿನ ಓಟ ನಿಲ್ಲಲ್ಲ. ಚಿಕ್ಕಂದಿನಲ್ಲಿ ನಿಮ್ಮ ಗಮನವನ್ನ ಬೇರೆಯವರು ಹೊತ್ತಿದ್ರು. ಅಮ್ಮನ ಗಂಟು, ಶಾಲೆಯ ಗಂಟೆ. ಆಮೇಲೆ?"

"ಹಾಸ್ಟೆಲಿನ ವಾರ್ಡನ್ನು. ಡಿಪ್ಲೊಮಾ ಓದುವಾಗ ಪಕ್ಕದ ಮಂಚದ ಗೆಳತಿ."

"ಅವರೆಲ್ಲ ಒಬ್ಬೊಬ್ಬರೇ ಹೋದ್ರು. ಜವಾಬ್ದಾರಿ ಮಾತ್ರ ಬೆಳೀತು. ತೊಂದರೆ ಹೊಸದಾಗಿ ಬರಲಿಲ್ಲ, ಆಸರೆ ಹೋಯ್ತು."

ಮಾತ್ರೆ ಕೊಟ್ಟರು, ಈಗಲೂ ತೆಗೆದುಕೊಳ್ಳುತ್ತೇನೆ. ಕಿಟಕಿಯಾಚೆ ಹೋದ ಮನಸ್ಸು ಬೇಗ ವಾಪಸ್ ಬರುತ್ತದೆ. ಆದರೆ ಮಾತ್ರೆ ರಿಜಿಸ್ಟರಿನ ಪುಟ ತಿರುವುವುದಿಲ್ಲ ಎಂದು ಅವರೇ ಎಚ್ಚರಿಸಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಸಂಕಟಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ನಗುತ್ತಿದ್ದ ಆ ಕ್ಲಾಸಿನ ಮೇಲೆ, ನನ್ನನ್ನೇ ನಾನು ಸೋಮಾರಿ ಎಂದು ಬೈದುಕೊಂಡ ಅಷ್ಟೂ ವರ್ಷದ ಮೇಲೆ. ಗೋದಾಮಿಗೆ ನಾನು ಹೋಗುವುದಿಲ್ಲ ಎಂದು ಸಾಸ್ವೆಹಳ್ಳಿ ಬರುವಷ್ಟರಲ್ಲಿ ನಿಶ್ಚಯಿಸಿದೆ.

ಡಾಕ್ಟರ ಕಾಗದವನ್ನು ವಿಚಾರಣೆಯಲ್ಲಿ ಕೊಡಬೇಡವೆಂದು ಹಿರಿಯರು ಕೈಮುಗಿದರು. "ಮರೆವು ಅಂದ್ರೆ ಕ್ಷಮಿಸ್ತಾರೆ. ಮನಸ್ಸಿನ ಡಾಕ್ಟರ್ ಅಂದ್ರೆ ಹಣೆಪಟ್ಟಿ ಕಟ್ತಾರೆ." ಅವರ ಭಯ ಸುಳ್ಳಲ್ಲ. ಆದರೂ ಕೊಟ್ಟೆ.

ಇಂಜಿನಿಯರ್ ಕನ್ನಡಕ ಸರಿಪಡಿಸಿಕೊಂಡು ಓದಿ ಮೇಜಿನ ಮೇಲಿಟ್ಟರು. "ಅಂದ್ರೆ ನಿಮಗೆ ಗಮನ ನಿಲ್ಲಲ್ಲ ಅಂತ ನೀವೇ ಬರ್ಕೊಟ್ಟಂಗಾಯ್ತು. ಇನ್ನು ಪ್ಯಾನೆಲ್ ಹೆಂಗೆ ಕೊಡ್ಲಿ?"

"ಕನ್ನಡಕ ತೆಗೆದು ಆ ಗೋಡೆ ಮೇಲಿನ ಮೀಟರ್ ಓದಿ ಸಾರ್," ಅಂದೆ.

ಅವರು ಮುಖ ಕೆಂಪು ಮಾಡಿಕೊಂಡರು. ನಾನು ನಿಲ್ಲಿಸಲಿಲ್ಲ. ಅಷ್ಟು ಹೊತ್ತಿಗೆ ನಿಲ್ಲಿಸುವ ಸ್ಥಿತಿ ದಾಟಿದ್ದೆ. "ನನ್ನ ಗಮನ ಜಾರಿತು, ಒಪ್ಪಿದೆ. ಆದರೆ ಇಬ್ಬರ ಜೀವಕ್ಕೆ ಒಂದೇ ಬೋರ್ಡು ಇಟ್ಟಿರೋದು ಯಾರ ಗಮನ ಸಾರ್? ಎರಡನೇ ಎಲ್‌ಸಿಗೆ ಕೈಗೆ ಕೆಲಸವೇ ಇಲ್ಲ, ಬರೀ ನೆನಪು. ನನ್ನನ್ನ ತೆಗೆದು ಬೇರೆಯವರನ್ನ ಕೂರಿಸಿ. ಆ ತೂತು ಅಲ್ಲೇ ಇರುತ್ತೆ."

ಬ್ಯಾಗಿನಿಂದ ಕೆಂಪು ಬಟ್ಟೆಯ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಹಾಕಿದೆ. ಅವ್ವ ತನ್ನ ಹಳೆಯ ಸೀರೆ ಹರಿದು ಅಂಚು ಹೊಲಿದು ಕೊಟ್ಟಿದ್ದಳು. ನನ್ನ ಕ್ರಮ ಹೇಳಿದೆ. ಪ್ರತಿ ಎಲ್‌ಸಿಗೆ ಒಂದು ಪಟ್ಟಿ. ನಂಬರನ್ನು ಪಟ್ಟಿಯ ಮೇಲೆ ಬರೆದು, ಬ್ರೇಕರ್ ಹಿಡಿಕೆಗೆ ಸುತ್ತಿ ಗಂಟು ಹಾಕಬೇಕು. ಇಬ್ಬರು ಲೈನಿನ ಮೇಲಿದ್ದರೆ ಎರಡು ಗಂಟು. ನಂಬರನ್ನು ಲೈನ್‌ಮನ್ ಬಾಯಿಂದಲೇ ಕೇಳಿ, ಕಟ್ಟಿದವರೇ ಬಿಚ್ಚಬೇಕು. ಪಾಳಿ ಬದಲಾಗುವಾಗ ಇಬ್ಬರೂ ಪ್ಯಾನೆಲ್ ಮುಂದೆ ನಿಂತು, ಹಳಬರು ಬಿಚ್ಚಿ ಹೊಸಬರು ಕಟ್ಟಿಕೊಳ್ಳಬೇಕು. ಒಂದು ಗಂಟಿದ್ದರೂ ಹಿಡಿಕೆ ತಿರುಗಿಸುವಂತಿಲ್ಲ.

ಇಂಜಿನಿಯರ್ ಒಂದು ಪಟ್ಟಿಯನ್ನು ಬೆರಳಿಗೆ ಸುತ್ತಿ ನೋಡಿದರು. "ಇದೇನು ಹರಕೆ ಕಟ್ಟಾಕೆ ಹೊಂಟಿದೀರಾ?" ಅಂದರು. ಆದರೆ ನಗಲಿಲ್ಲ. ಮೂರು ತಿಂಗಳ ಮಟ್ಟಿಗೆ ಪ್ಯಾನೆಲ್ ವಾಪಸ್ ಕೊಟ್ಟರು. ಹಿರಿಯ ಆಪರೇಟರ್ ವಾರವಾರ ನನ್ನ ಬಗ್ಗೆ ವರದಿ ಬರೆಯಬೇಕು. ಒಂದು ತಪ್ಪಾದರೂ ಗೋದಾಮು.

ಮೊದಲ ತಿಂಗಳು ಸ್ಟೇಷನ್ನಿನಲ್ಲಿ ನನ್ನ ಹೆಸರು ಗಂಟಕ್ಕ ಎಂದಾಯಿತು. ಲೈನ್‌ಮನ್‌ಗಳು ಫೋನಿನಲ್ಲಿ "ತೆಂಗಿನಕಾಯಿ ಒಡೆದ್ರಾ ಮೇಡಂ?" ಎಂದು ಕೇಳುವರು. ನಾನೂ "ನೀನು ಕೆಳಗೆ ಇಳಿದ ಮೇಲೆ ಒಡೀತೀನಿ" ಅನ್ನುವೆ. ನಗದವನು ಒಬ್ಬನೇ, ಅವತ್ತು ರಾಡು ಹಾಕಿ ಉಳಿದವನು. ಅವನು ಹದಿನೈದು ದಿನ ನನ್ನ ಪಾಳಿಯಲ್ಲಿ ಎಲ್‌ಸಿಯನ್ನೇ ಕೇಳಲಿಲ್ಲ. ಆಮೇಲೊಂದು ದಿನ ಕೇಳಿದ. ನಂಬರು ಕೊಟ್ಟ ಮೇಲೂ ಫೋನ್ ಇಡಲಿಲ್ಲ.

"ನನ್ನ ಗಂಟು ಹಾಕಿದ್ರಾ?"

"ಹಾಕಿದೆ."

"ಎಳೆದು ನೋಡ್ರಿ."

ಎಳೆದು ನೋಡಿ ಹೇಳಿದೆ. ಆಮೇಲೆ ಕಂಬ ಹತ್ತಿದ.

ಹಿರಿಯರು ಗಂಟು ಹಾಕುತ್ತಿದ್ದುದು ಸಾಹೇಬರ ಆದೇಶಕ್ಕಾಗಿ, ಅದೂ ಗೊಣಗುತ್ತಾ. "ನಿಮ್ಮ ಮರೆವಿಗೆ ನನಗ್ಯಾಕ್ರೀ ಪಥ್ಯ?" ವರದಿಯಲ್ಲಿ ವಾರವೂ ಒಂದೇ ಪದ ಬರೆಯುತ್ತಿದ್ದರು, ‘ಸಮಾಧಾನಕರ’.

ಮೂರನೆಯ ತಿಂಗಳ ಕೊನೆಯ ವಾರ. ನನ್ನದು ಎರಡು ಗಂಟೆಯ ಪಾಳಿ. ಹಿರಿಯರು ಬೆಳಗಿನ ಪಾಳಿ ಮುಗಿಸಿ ಚೀಲ ಹೆಗಲಿಗೇರಿಸಿ ನಿಂತಿದ್ದರು. ಮನೆಯಲ್ಲಿ ಮೊಮ್ಮಗಳ ನಾಮಕರಣ, ಬೀಗರು ಬಂದು ಕಾಯುತ್ತಿದ್ದರು. ಸಾಸ್ವೆಹಳ್ಳಿ ಫೀಡರಿಗೆ ಅವತ್ತೂ ಇಬ್ಬರು ಎಲ್‌ಸಿ ತೆಗೆದುಕೊಂಡಿದ್ದರು. ರಿಜಿಸ್ಟರಿನಲ್ಲಿ ಎರಡೂ ಸಾಲಿಗೆ ವಾಪಸ್ ಬಂದ ಹೊತ್ತು ಬರೆದಿತ್ತು, ಮುತ್ತಿನಂಥ ಅಕ್ಷರ. ಹಿಡಿಕೆಯ ಮೇಲೆ ಒಂದು ಪಟ್ಟಿ ಉಳಿದಿತ್ತು.

"ಬಿಚ್ಚಾಕೆ ಮರ್ತೆ," ಅಂದರು. "ಬಿಚ್ಚಿ ಚಾರ್ಜ್ ಮಾಡ್ರಿ. ಆಗ್ಲೇ ಎಷ್ಟು ಫೋನ್ ಬಂದ್ವು."

ನನ್ನ ಕೈ ಪಟ್ಟಿಯ ಮೇಲಿತ್ತು. ರಿಜಿಸ್ಟರು ಮುಗಿದಿದೆ ಅನ್ನುತ್ತಿತ್ತು. ಒಂದು ರೀಡಿಂಗೂ ತಪ್ಪದ ಮನುಷ್ಯ ಮುಗಿದಿದೆ ಅನ್ನುತ್ತಿದ್ದರು. ಮುಗಿದಿಲ್ಲ ಅನ್ನುತ್ತಿದ್ದುದು ನನ್ನವ್ವನ ಸೀರೆಯ ತುಂಡು ಮಾತ್ರ. ಅವರ ಮಾತು ಮೀರಿದರೆ ಆ ವಾರದ ವರದಿ ಏನಾಗುತ್ತದೆಂದು ನನಗೆ ಗೊತ್ತಿತ್ತು.

"ಕಟ್ಟಿದವರೇ ಬಿಚ್ಚಬೇಕು. ಅವನ ಬಾಯಿಂದ ನಂಬರ್ ಕೇಳಿ ಬಿಚ್ಚಿ," ಅಂದೆ.

"ಏನ್ರೀ ನೀವು! ಬರ್ದಿರೋದು ಕಾಣ್ಸಲ್ವಾ? ನಿಮಗೆ ನಂಬಿಕೆ ಇಲ್ಲ ಅಂತ ಊರನ್ನೆಲ್ಲ ಕಾಯ್ಸಾಕೆ ಬರಲ್ಲ."

"ಕಾಯಲಿ."

ನಾನು ಹಿಡಿಕೆಗೆ ಅಡ್ಡವಾಗಿ ನಿಂತೆ. ಅವರು ಚೀಲ ಕುರ್ಚಿಯ ಮೇಲೆ ಕುಕ್ಕಿ ಲೈನ್‌ಮನ್‌ಗೆ ಫೋನ್ ಹಚ್ಚಿದರು. ಎತ್ತಲಿಲ್ಲ. ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಮತ್ತೆ ಹಚ್ಚಿದರು. ಎತ್ತಲಿಲ್ಲ. ಮೂರನೆಯ ಸಲ ಎತ್ತಿದವನ ದನಿ ನನಗೂ ಕೇಳಿಸಿತು, ಅಷ್ಟು ಗಟ್ಟಿಯಾಗಿ ಕೂಗುತ್ತಿದ್ದ. "ಸಾರ್, ಇನ್ನೂ ಮೇಲೇ ಅದೀನಿ. ಜಂಪರ್ ತಂತಿ ಕಟ್ತಾ ಇದ್ದೆ, ಫೋನ್ ತೆಗ್ಯಾಕೆ ಕೈ ಖಾಲಿ ಇರ್ಲಿಲ್ಲ. ಇನ್ನು ಹತ್ತು ನಿಮಿಷ ಕೊಡ್ರಿ."

ಹಿರಿಯರು ಕೂತುಬಿಟ್ಟರು. ಒಬ್ಬ ವಾಪಸ್ ಕೊಟ್ಟಾಗ ಒಂದೇ ಉಸಿರಿಗೆ ಎರಡೂ ಸಾಲಿಗೆ ಹೊತ್ತು ಬರೆದಿದ್ದರು. ನಾಮಕರಣದ ಗಡಿಬಿಡಿ, ಎರಡು ಗಂಟೆಯ ರೀಡಿಂಗು, ಬೀಗರ ಫೋನು. ಆ ಗಳಿಗೆ ನನಗೆ ಗುರುತಿತ್ತು, ನೀರು ತಂದುಕೊಟ್ಟೆ. ಗೆದ್ದೆ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಆದರೆ ಅವರ ಮುಖ ನೋಡಿ ಅದನ್ನು ಒಳಗೇ ಇಟ್ಟುಕೊಂಡೆ.

ಹತ್ತು ನಿಮಿಷಕ್ಕೆ ಲೈನ್‌ಮನ್ ಕೆಳಗಿಳಿದು, ರಾಡ್ ತೆಗೆದು, ನಂಬರು ಹೇಳಿದ. ಹಿರಿಯರು ಎದ್ದು ಬಂದು, ಪಟ್ಟಿಯ ಮೇಲಿನ ನಂಬರನ್ನು ಎರಡು ಸಲ ಓದಿ, ತಾವೇ ಕಟ್ಟಿದ ಗಂಟನ್ನು ತಾವೇ ಬಿಚ್ಚಿದರು. ನಾನು ಟ್ರಾಲಿ ಒಳಗೆ ತಳ್ಳಿ ಲೈನ್ ಚಾರ್ಜ್ ಮಾಡಿದೆ. ಬ್ರೇಕರ್ ಬೀಳದೆ ನಿಂತಿತು.

"ಇದನ್ನ ಯಾರೂ ಬರೆಯಬೇಕಾಗಿಲ್ಲ," ಅಂದೆ. ಅವರ ನಿವೃತ್ತಿಗೆ ಆರು ತಿಂಗಳಿತ್ತು.

ನಾಮಕರಣಕ್ಕೆ ಹೊರಡಬೇಕಾದ ಮನುಷ್ಯ ಮತ್ತೆ ಕುರ್ಚಿ ಎಳೆದು ಕೂತು, ನನ್ನ ವಾರದ ವರದಿಯ ಹಾಳೆ ತೆಗೆದುಕೊಂಡರು. ಬರೆದು ಮುಗಿಸಿ, ಹಾಳೆಯನ್ನು ನನ್ನ ಕಡೆ ತಳ್ಳಿ, ಚೀಲ ತೆಗೆದುಕೊಂಡು ಹೋದರು. ‘ಸಮಾಧಾನಕರ’ ಎಂಬ ಪದ ಈ ಸಲ ಇರಲಿಲ್ಲ. ಅದೇ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು. ‘ಇಂದು ಎಲ್‌ಸಿ ಬಾಕಿ ಇರುವುದನ್ನು ಮರೆತವನು ನಾನು. ಲೈನ್ ಚಾರ್ಜ್ ಮಾಡಲು ಹೇಳಿದವನೂ ನಾನೇ. ಇವರು ಮಾಡಲಿಲ್ಲ.’